ಟೊಮೆಟೊ ರೇಟು ಪುಟ ತಡವಾಗುತ್ತಿದ್ದದ್ದು ಎಲ್ಲಿ?

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯ ವೆಬ್‌ಸೈಟನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಜಾಂಗೊದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) ಬರೆದದ್ದು, ಬರೆದವರು ಬೇರೆ ಕೆಲಸಕ್ಕೆ ಹೋದ ಮೇಲೆ ನನ್ನ ಕೈಗೆ ಬಂತು. 15 ಕೆಜಿ ಬಾಕ್ಸು ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಅನ್ನುವುದು ಲಾಟ್‌ವಾರು ಒಂದೇ ಪುಟದಲ್ಲಿ ಬರುತ್ತದೆ. ಗುಮಾಸ್ತರ ದೂರು ಒಂದೇ: "ಹರಾಜು ಟೈಮಲ್ಲಿ ಪೇಜು ಸುಮ್ನೆ ಸುತ್ತುತ್ತಾ ಇರುತ್ತೆ ಸಾರ್, ರೈತರು ನಂಗೇ ಫೋನ್ ಹೊಡೀತಾರೆ." ದೊಡ್ಡ ಸರ್ವರ್ ತಗೊಳ್ಳಿ ಎಂದು ಮಾಲೀಕರಿಗೆ ಯಾರೋ ಹೇಳಿಯೂ ಇದ್ದರು. ದುಡ್ಡು ಸುರಿಯುವ ಮೊದಲು ಒಂದು ರಿಕ್ವೆಸ್ಟಿನ (ಪುಟ ಬೇಕೆಂದು ಬ್ರೌಸರ್ ಕಳಿಸುವ ಕೋರಿಕೆಯ) ಬೆನ್ನು ಹತ್ತಿ ನೋಡುವುದು ಮೇಲು ಅನ್ನಿಸಿತು.

ರಿಕ್ವೆಸ್ಟ್ ಮೊದಲು ಬರುವುದು ಬಾಗಿಲಲ್ಲಿ ನಿಂತ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ಗೆ. ಚಿತ್ರ, ಸಿಎಸ್‌ಎಸ್ ಬೇಕೆಂದರೆ ಅದೇ ಕೊಟ್ಟು ಕಳಿಸುತ್ತದೆ, ಪುಟ ಬೇಕೆಂದರೆ ಜಾಂಗೊವನ್ನು ಓಡಿಸುವ ಗುನಿಕಾರ್ನ್‌ಗೆ ದಾಟಿಸುತ್ತದೆ. ಗುನಿಕಾರ್ನ್‌ನ ಮಾಮೂಲಿ ವರ್ಕರ್ (ಕೆಲಸ ಮಾಡುವ ಪ್ರೋಸೆಸ್) ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ಹಿಡಿಯುತ್ತದೆ. 30 ಸೆಕೆಂಡಿನಲ್ಲಿ ಮುಗಿಸದಿದ್ದರೆ ಗುನಿಕಾರ್ನ್ ಆ ವರ್ಕರನ್ನೇ ಕೊಂದುಹಾಕುತ್ತದೆ, ಓದುಗನಿಗೆ 502 ಎಂಬ ದೋಷ ಕಾಣುತ್ತದೆ. ಎಷ್ಟು ಬೇಕೆಂದು ಹೇಳದಿದ್ದರೆ ಇರುವುದೂ ಒಂದೇ ವರ್ಕರ್. ಇಲ್ಲಿ ಮೂರಿದ್ದವು. ಅಂದರೆ ನಾಲ್ಕನೆಯವರು ಕಾಯಲೇಬೇಕು. ಆದರೆ ಮುಂದಿರುವ ಮೂವರಿಗೇ ಯಾಕೆ ಅಷ್ಟು ಹೊತ್ತು ಹಿಡಿಯುತ್ತಿದೆ?

ಅದನ್ನು ಅಳೆಯಲು ಒಂದು ಪುಟ್ಟ ಮಿಡಲ್‌ವೇರ್ ಬರೆದೆ, ಅಂದರೆ ರಿಕ್ವೆಸ್ಟ್ ಹೋಗುವಾಗ, ಅದರ ಉತ್ತರ (ರೆಸ್ಪಾನ್ಸ್) ಬರುವಾಗ ದಾರಿಯಲ್ಲಿ ನಿಲ್ಲುವ ಕೋಡು. ಒಂದು ಫಂಕ್ಷನ್ನು, ಅದರೊಳಗೆ ಇನ್ನೊಂದು: ಗಡಿಯಾರ ನೋಡು, ಮುಂದಿನವರಿಗೆ ರಿಕ್ವೆಸ್ಟ್ ಕೊಡು, ರೆಸ್ಪಾನ್ಸ್ ಕೈಗೆ ಬಂದಾಗ ಮತ್ತೆ ಗಡಿಯಾರ ನೋಡಿ ಲಾಗಿಗೆ ಬರೆ. ಇಷ್ಟೇ ಸಾಲು. ಸೆಟ್ಟಿಂಗ್ಸಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿದೆ, ಯಾಕೆಂದರೆ ರಿಕ್ವೆಸ್ಟ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ದಾಟುತ್ತದೆ, ರೆಸ್ಪಾನ್ಸ್ ಕೆಳಗಿನಿಂದ ಮೇಲೆ ಬರುತ್ತದೆ. ಕೋಲಾರದ ಬಸ್ಸು ನರಸಾಪುರ, ಹೊಸಕೋಟೆ ದಾಟಿ ಬೆಂಗಳೂರಿಗೆ ಹೋಗಿ, ವಾಪಸ್ಸು ಹೊಸಕೋಟೆ, ನರಸಾಪುರ ಅಂತ ಬರುವ ಹಾಗೆ.

ಮಿಡಲ್‌ವೇರ್ ಆದಮೇಲೆ ಯುಆರ್‌ಎಲ್ ಪಟ್ಟಿ, ಯಾವ ವಿಳಾಸಕ್ಕೆ ಯಾವ ಕೋಡು ಎಂದು ಹೇಳುವುದು. ಮೇಲಿನಿಂದ ನೋಡುತ್ತಾ ಹೋಗಿ ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ಇಲ್ಲಿ ತಡವೇನೂ ಇರಲಿಲ್ಲ, ತಮಾಷೆ ಇತ್ತು. ತಾಲೂಕುವಾರು ಪುಟಗಳ ವಿಳಾಸವನ್ನು ಜಾಂಗೊದ ಸ್ಲಗಿಫೈ (ಹೆಸರಿನಿಂದ ವಿಳಾಸದ ತುಂಡು, ಅಂದರೆ ಸ್ಲಗ್, ಮಾಡುವ ಫಂಕ್ಷನ್) ಕೈಯಲ್ಲಿ ಯೂನಿಕೋಡ್ ಅನುಮತಿ (ಕನ್ನಡದಂಥ ಲಿಪಿಗೂ ಅನುಮತಿ) ಕೊಟ್ಟು ಮಾಡಿಸಿದ್ದರು. ಅದು ಪೈಥಾನ್ ಯಾವುದನ್ನು 'ಅಕ್ಷರ' ಎನ್ನುತ್ತದೋ ಅದನ್ನು ಮಾತ್ರ ಉಳಿಸುತ್ತದೆ. ಕನ್ನಡದ ಗುಣಿತದ ಚಿಹ್ನೆ, ಒತ್ತಿನ ಚಿಹ್ನೆಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಮುಳಬಾಗಿಲು ಹೋಗಿ 'ಮಳಬಗಲ', ಶ್ರೀನಿವಾಸಪುರ ಹೋಗಿ 'ಶರನವಸಪರ' ಆಗಿತ್ತು! ಎನ್‌ಜಿನ್‌ಎಕ್ಸ್ ಲಾಗಿನಲ್ಲಂತೂ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು, ಬೈಟಿಗೆ ಮೂರಕ್ಷರದ ಶೇಕಡಾ ಬರಹ. ಓದುವ ಹಾಗೇ ಇಲ್ಲ. ತಾಲೂಕಿನ ಟೇಬಲ್ಲಿಗೆ ಇಂಗ್ಲಿಷ್ ಅಕ್ಷರದ ಸ್ಲಗ್ ಕಾಲಂ ಸೇರಿಸಿ ಕೈಯಲ್ಲೇ ತುಂಬಿದೆ. ವಿಳಾಸದಲ್ಲಿ ಕನ್ನಡ ಇರಬೇಕೆಂಬ ಹಟ ನನಗಿಲ್ಲ, ಪುಟದಲ್ಲಿ ಇದ್ದರೆ ಸಾಕು.

ಇನ್ನು ವ್ಯೂ, ಪುಟಕ್ಕೆ ಬೇಕಾದ ಮಾಹಿತಿ ಒಟ್ಟುಮಾಡುವ ಕೋಡು. ಅದರ ಸಮಯ ಅಳೆದರೆ ಎರಡು ಮೂರು ಮಿಲಿಸೆಕೆಂಡು ಅಷ್ಟೇ. 'ಇವತ್ತಿನ ಲಾಟುಗಳನ್ನು ತಾ' ಎಂಬ ಸಾಲು ಅಲ್ಲೇ ಕಣ್ಣಿಗೆ ಕಾಣುತ್ತದೆ, ಆದರೂ ಡೇಟಾಬೇಸಿಗೆ ಏನೂ ಹೋಗಿಲ್ಲ. ಜಾಂಗೊದ ಕ್ವೆರಿಸೆಟ್ (ಡೇಟಾಬೇಸಿಗೆ ಕೇಳಬೇಕಾದ ಪ್ರಶ್ನೆ, ಅಂದರೆ ಕ್ವೆರಿ, ಹೊತ್ತದ್ದು) ಸೋಮಾರಿ, ಯಾರಾದರೂ ಅದರ ಒಳಗೆ ಕೈ ಹಾಕುವ ತನಕ ಎದ್ದೇಳುವುದಿಲ್ಲ. ಕೈ ಹಾಕುತ್ತಿದ್ದದ್ದು ಟೆಂಪ್ಲೇಟು, ಪುಟದ ಅಚ್ಚು. ಲಾಟುಗಳನ್ನು ಒಂದೊಂದಾಗಿ ಬರೆಯುವ ಫಾರ್ ಲೂಪ್ ಶುರುವಾದಾಗ ಒಂದು ಕ್ವೆರಿ. ಆಮೇಲೆ ಪ್ರತಿ ಸಾಲಿನಲ್ಲಿ ಲಾಟಿನ ತಾಲೂಕಿನ ಹೆಸರಿಗೊಂದು, ತಳಿಯ ಹೆಸರಿಗೊಂದು. 300 ಲಾಟ್ ಬಂದ ದಿನ ಒಂದು ಪುಟಕ್ಕೆ 601 ಕ್ವೆರಿ. ಲ್ಯಾಪ್‌ಟಾಪಿನಲ್ಲಿ ಕ್ವೆರಿಗಳನ್ನು ತೋರಿಸುವ ಡಿಬಗ್ ಟೂಲ್‌ಬಾರ್ ಹಾಕಿ ನೋಡಿದರೆ ಒಂದೇ ಅಚ್ಚಿನ ಸೆಲೆಕ್ಟ್ ಸಾಲುಗಳು, ಕೊನೆಯ ಐಡಿ ಮಾತ್ರ ಬೇರೆ. ವ್ಯೂನಲ್ಲಿ ಸೆಲೆಕ್ಟ್ ರಿಲೇಟೆಡ್ ಎಂದು ಸೇರಿಸಿ ತಾಲೂಕು, ತಳಿ ಎರಡನ್ನೂ ಹೆಸರಿಸಿದೆ. ಮೂರು ಟೇಬಲ್ಲು ಜಾಯಿನ್ ಆಗಿ ಒಂದೇ ಕ್ವೆರಿ. ದೊಡ್ಡ ಸರ್ವರ್ ಮಾತು ಅಲ್ಲಿಗೆ ನಿಂತಿತು.

ಬೆಳಗಿನ ನೂಕುನುಗ್ಗಲಿಗೆಂದು ಕ್ಯಾಶ್ (ಒಮ್ಮೆ ಮಾಡಿದ ಪುಟವನ್ನು ಇಟ್ಟುಕೊಂಡು ಅದನ್ನೇ ಮತ್ತೆ ಕೊಡುವುದು) ಕೂಡ ಹಾಕಿದೆ, 60 ಸೆಕೆಂಡಿನದು. ಮಿಡಲ್‌ವೇರ್ ಕ್ರಮದ ಬೆಲೆ ತಿಳಿಯುವುದು ಇಲ್ಲೇ. ಪುಟವನ್ನು ಕ್ಯಾಶಿಗೆ ಬರೆಯುವ ಮಿಡಲ್‌ವೇರ್ ನನ್ನ ಗಡಿಯಾರ ಬಿಟ್ಟರೆ ಪಟ್ಟಿಯ ಮೇಲ್ತುದಿಯಲ್ಲಿರಬೇಕು, ಕ್ಯಾಶಿನಿಂದ ತೆಗೆಯುವುದು ಬುಡದಲ್ಲಿರಬೇಕು. ತುದಿಯಲ್ಲಿದ್ದದ್ದು ವಾಪಸ್ಸು ದಾರಿಯಲ್ಲಿ ಕೊನೆಗೆ ಸಿಗುತ್ತದಲ್ಲ, ಅಷ್ಟರೊಳಗೆ ಉಳಿದವರೆಲ್ಲ ಹೆಡರ್ (ಪುಟದ ಜೊತೆ ಹೋಗುವ ಸೂಚನೆ) ಸೇರಿಸಿ ಮುಗಿಸಿರುತ್ತಾರೆ. ಪುಟದ ಮೇಲ್ಗಡೆ 'ಸ್ವಾಗತ' ಎಂದು ಬಳಕೆದಾರರ ಹೆಸರು ತೋರಿಸುವ ಸಾಲೊಂದಿತ್ತು. ಹೆಸರು ಕೇಳಿದರೆ ಸೆಷನ್ (ಯಾರು ಲಾಗಿನ್ ಆಗಿದ್ದಾರೆಂಬ ನೆನಪು) ಮುಟ್ಟಿದಂತೆ. ಸೆಷನ್ ಮುಟ್ಟಿದರೆ ಅದರ ಮಿಡಲ್‌ವೇರ್ 'ಕುಕಿಯಂತೆ (ಬ್ರೌಸರ್ ಹೊತ್ತು ತರುವ ಗುರುತಿನ ಚೀಟಿಯಂತೆ) ಪುಟ ಬೇರೆಯಾಗಬಹುದು' ಎಂಬ ವೇರಿ ಹೆಡರ್ ಅಂಟಿಸುತ್ತದೆ. ಆಗ ಒಂದೊಂದು ಕುಕಿಗೂ ಕ್ಯಾಶಿನಲ್ಲಿ ಒಂದೊಂದು ಪ್ರತಿ, ಕ್ಯಾಶ್ ಇದ್ದೂ ಇಲ್ಲದ ಹಾಗೆ. ಲಾಗಿನ್ ಆಗದ ರೈತರಿಗೆ ಸ್ವಾಗತ ಯಾಕೆ ಎಂದು ಆ ಸಾಲನ್ನೇ ತೆಗೆದೆ.

ರೇಟು ಒಂದು ನಿಮಿಷ ಹಳೆಯದಾಗಿ ಕಂಡರೆ ಪರವಾಗಿಲ್ಲವೇ ಎಂದು ಮಾಲೀಕರನ್ನು ಕೇಳಿಯೇ ಇದನ್ನು ಮಾಡಿದ್ದು. ಗುಮಾಸ್ತರು ರೇಟು ತುಂಬುವ ಪುಟಕ್ಕೆ ಮಾತ್ರ ನೆವರ್ ಕ್ಯಾಶ್ ಹಾಕಿದ್ದೇನೆ, ತುಂಬಿದ್ದು ಅವರಿಗೆ ಆಗಲೇ ಕಾಣಬೇಕು.