ಮೇಲ್ ಸರ್ವರ್ ಕಲಿಯಬೇಕೇ? ಕೈಯಲ್ಲೇ ಒಂದು ಮೇಲ್ ಕಳಿಸಿ ನೋಡಿ

ಕಚೇರಿಯ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ ಕಲಿಯಲು ಹೊರಟವರು ಹೆಚ್ಚಾಗಿ ಎಲ್ಲವೂ ಸೇರಿರುವ ರೆಡಿಮೇಡ್ ಪ್ಯಾಕೇಜ್ ಹಾಕಿಕೊಳ್ಳುತ್ತಾರೆ. ಬೇಗನೆ ಮೇಲ್ ಓಡಾಡುತ್ತದೆ, ನಿಜ. ಕೆಟ್ಟು ನಿಂತಾಗ ಮಾತ್ರ ಎಲ್ಲಿ ಕೈ ಹಾಕಬೇಕೆಂದು ತೋಚುವುದಿಲ್ಲ. ಬಿಡಿಬಿಡಿಯಾಗಿ ಕಲಿಯುವುದೇ ವಾಸಿ.

ಮೊದಲು ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ (ಒಂದೇ ಯಂತ್ರದೊಳಗೆ ಬೇರೆ ಕಂಪ್ಯೂಟರ್‌ಗಳನ್ನು ಓಡಿಸುವ ತಂತ್ರಾಂಶ) ಹಾಕಿ, ಎರಡು ಉಬುಂಟು ಲಿನಕ್ಸ್ ಸರ್ವರ್ ಮಾಡಿಕೊಳ್ಳಿ. ಎರಡರಲ್ಲೂ ಪೋಸ್ಟ್‌ಫಿಕ್ಸ್ ಇರಲಿ. ಮೇಲ್ ಸಾಗಿಸುವುದು ಅದರ ಕೆಲಸ. ಬಂದ ಮೇಲನ್ನು ಫೋನಿನಲ್ಲೋ ಔಟ್‌ಲುಕ್‌ನಲ್ಲೋ ಓದಲು ಡವ್‌ಕಾಟ್ ಬೇಕು, ಅದು ಆಮೇಲೆ. ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಇಲ್ಲಿ ಇಲ್ಲದ ಕಾರಣ, ಯಾವ ಮೇಲ್ ಎಲ್ಲಿಗೆ ಹೋಗಬೇಕೆಂದು ಪೋಸ್ಟ್‌ಫಿಕ್ಸ್‌ಗೆ ಹೇಳುವ ಟ್ರಾನ್ಸ್‌ಪೋರ್ಟ್ ಮ್ಯಾಪ್‌ನಲ್ಲಿ ಒಂದಕ್ಕೊಂದರ ಐಪಿ ಬರೆದಿಡಿ.

ಈಗ ಒಂದರಿಂದ ಇನ್ನೊಂದರ 25ನೇ ಪೋರ್ಟ್‌ಗೆ, ಅಂದರೆ ಮೇಲ್ ಬರುವ ಬಾಗಿಲಿಗೆ, ಟೆಲ್ನೆಟ್ (ಇನ್ನೊಂದು ಯಂತ್ರದ ಜೊತೆ ಕೈಯಲ್ಲೇ ಟೈಪ್ ಮಾಡಿ ಮಾತಾಡುವ ಕಮಾಂಡ್) ಮಾಡಿ. ಇಎಚ್‌ಎಲ್‌ಒ ಅಂತ ಪರಿಚಯ ಹೇಳಿಕೊಂಡು, ಕಳಿಸುವವರ ವಿಳಾಸ, ಸೇರಬೇಕಾದವರ ವಿಳಾಸ ಕೊಡಿ. ಒಪ್ಪಿದರೆ 250 ಅನ್ನುತ್ತದೆ. ಡೇಟಾ ಎಂಬ ಕಮಾಂಡ್ ಕೊಟ್ಟರೆ 354, ಅಂದರೆ ‘ಮೇಲ್ ಬರೆಯಿರಿ’ ಎಂಬ ಉತ್ತರ ಬರುತ್ತದೆ. ವಿಷಯ ಬರೆದು, ಕೊನೆಯ ಸಾಲಿನಲ್ಲಿ ಬರೀ ಒಂದು ಚುಕ್ಕಿ ಇಟ್ಟು ಎಂಟರ್ ಒತ್ತಿ. ಮೇಲ್ ಹೋಯಿತು. ಕಳಿಸುವವರ ಜಾಗದಲ್ಲಿ ಸುಮ್ನೆ ಬಾಯಿಗೆ ಬಂದ ವಿಳಾಸ ಹಾಕಿ ನೋಡಿ, ಅದನ್ನೂ ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ! ಸರ್ವರ್‌ಗಳು ಮೇಲ್ ಸಾಗಿಸುವಾಗ ಹೀಗೆ ಮಾತಾಡುವ ಭಾಷೆಯೇ ಎಸ್‌ಎಂಟಿಪಿ. ಅದರ 1982ರ ನಿಯಮದಲ್ಲಿ ಕಳಿಸಿದವರು ಯಾರೆಂದು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಮೇಲ್ ನಿಜಕ್ಕೂ ಆ ಡೊಮೇನ್‌ನಿಂದಲೇ ಬಂತೇ ಅಂತ ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಯಾಕೆ ಬಂದವು ಅಂತ ಈಗ ಗೊತ್ತಾಯಿತಲ್ವಾ?

ಮುಂದೆ ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ಕಡತ. ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ವಿದ್ಯೆ ಇಲ್ಲೇ ಇದೆ. ಎರಡನೇ ಸರ್ವರ್‌ನ ಪೋಸ್ಟ್‌ಫಿಕ್ಸ್ ನಿಲ್ಲಿಸಿ, ಮೊದಲನೆಯದರಿಂದ ಸೆಂಡ್‌ಮೇಲ್ ಕಮಾಂಡ್‌ನಲ್ಲಿ ಮೇಲ್ ಕಳಿಸಿ. ಲಾಗ್‌ನಲ್ಲಿ ‘ಡಿಫರ್ಡ್’ (ಮುಂದೂಡಿದೆ) ಅಂತ ಕಾಣುತ್ತದೆ, ಮೇಲ್ ಕ್ಯೂನಲ್ಲಿ, ಅಂದರೆ ಕಾಯುವ ಸಾಲಿನಲ್ಲಿ, ಕೂತಿರುತ್ತದೆ. ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 5 ದಿನ ಪ್ರಯತ್ನಿಸಿ, ಆಮೇಲೆ ವಾಪಸ್ ಕಳಿಸುತ್ತದೆ. ಸರ್ವರ್ ಮತ್ತೆ ಶುರು ಮಾಡಿ, ಇಲ್ಲದ ಹೆಸರಿಗೆ ಕಳಿಸಿದರೆ 550 ಕೋಡ್ ಬರುತ್ತದೆ, ಮೇಲ್ ಆಗಲೇ ಬೌನ್ಸ್, ಅಂದರೆ ವಾಪಸ್. 4ರಿಂದ ಶುರುವಾಗುವ ಕೋಡ್ ಬಂದರೆ ಕಾಯಬಹುದು, 5 ಬಂದರೆ ಕಾದು ಪ್ರಯೋಜನವಿಲ್ಲ. ಪ್ರತಿ ಮೇಲ್‌ಗೂ ಒಂದು ಕ್ಯೂ ಐಡಿ ಇರುತ್ತದೆ. ಅದನ್ನು ಲಾಗ್‌ನಲ್ಲಿ ಗ್ರೆಪ್ ಕಮಾಂಡ್‌ನಿಂದ ಹುಡುಕಿದರೆ ಮೇಲ್‌ನ ಪೂರ್ತಿ ಜಾತಕ ಸಿಗುತ್ತದೆ. ‘ನನ್ನ ಮೇಲ್ ಹೋಗಿಲ್ಲ ಸಾರ್’ ಅಂತ ಅಕೌಂಟ್ಸ್‌ನವರು ಫೋನ್ ಮಾಡಿದಾಗ ಬೇಕಾಗುವುದು ಇದೇ.

ಇಷ್ಟಾದ ಮೇಲೆ ಡೊಮೇನ್ ಕೊಳ್ಳಿ. ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆಯಲ್ಲಿ ಚಿಕ್ಕ ಸಂಖ್ಯೆಗೆ ಮೊದಲ ಸರದಿ. ಐಪಿಯಿಂದ ಹೆಸರು ತಿಳಿಸುವ ಪಿಟಿಆರ್ ದಾಖಲೆಯನ್ನು ಐಪಿ ಕೊಟ್ಟ ಕಂಪನಿ ಕಡೆಯಿಂದಲೇ ಹಾಕಿಸಬೇಕು, ಬಹಳ ಜನ ಇದನ್ನು ಮರೆಯುತ್ತಾರೆ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ.

ಸರ್ವರ್ ಇಂಟರ್‌ನೆಟ್‌ಗೆ ತೆರೆದ ಕೂಡಲೇ, ಹೊರಗಿನ ಬೇರೊಂದು ಯಂತ್ರದಿಂದ ಅದಕ್ಕೆ ಟೆಲ್ನೆಟ್ ಮಾಡಿ, ನಿಮ್ಮದಲ್ಲದ ಡೊಮೇನ್‌ಗೆ ಮೇಲ್ ಕಳಿಸಲು ನೋಡಿ. ‘ರಿಲೇ ಆಕ್ಸೆಸ್ ಡಿನೈಡ್’ (ಬೇರೆ ಕಡೆಯ ಮೇಲ್ ಸಾಗಿಸಲಾರೆ) ಅನ್ನಬೇಕು. ಅನ್ನದಿದ್ದರೆ ಪೋಸ್ಟ್‌ಫಿಕ್ಸ್ ನಿಲ್ಲಿಸಿ. ಸ್ಪ್ಯಾಮ್ ಕಳಿಸುವವರು ಯಾರ ಮೇಲನ್ನಾದರೂ ಸಾಗಿಸುವ ಇಂಥ ಸರ್ವರ್‌ಗಳನ್ನೇ ಹುಡುಕುತ್ತಿರುತ್ತಾರೆ.