ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ

ಎಕ್ಸ್-ರೇ ಟೆಕ್ನಿಷಿಯನ್ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೊಬ್ಬ ಕಾಲೇಜು ಹುಡುಗಿಗೆ ಒಂದು ದಿನದ ಮಟ್ಟಿಗೆ ಟಿಬಿ ತಂದಿಟ್ಟಿದ್ದೆ. ಕೆಮ್ಮು ಅಂತ ಬಂದಿದ್ದಳು. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲನ್ನೇ ಬಿಗಿಯಾಗಿ ಹೆಣೆದು ಬಲ ಹೆಗಲ ಮೇಲೆ ಬಿಟ್ಟುಕೊಂಡಿದ್ದಳು. ನಾನು ಎದೆಯ ಫಿಲ್ಮ್ ತೆಗೆದೆ. ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಮೋಡದಂಥ ಬಿಳಿ ನೆರಳು. ಡಾಕ್ಟರು ಕಫ ಪರೀಕ್ಷೆಗೆ ಬರೆದರು, ತಾಯಿ ಕಾರಿಡಾರಿನಲ್ಲೇ ಅಳುತ್ತಾ ಕೂತರು. ಮಾರನೇ ದಿನ ನಮ್ಮ ಸೀನಿಯರ್ ಆ ಫಿಲ್ಮನ್ನು ವ್ಯೂ ಬಾಕ್ಸಿಗೆ ಸಿಕ್ಕಿಸಿ, ನೆರಳಿನ ಮೇಲೆ ಬೆರಳಿಟ್ಟು ಮೇಲಕ್ಕೆ ಎಳೆದುಕೊಂಡು ಹೋದರು. ಅದು ಕಾಲರ್ ಮೂಳೆ ದಾಟಿ ಕುತ್ತಿಗೆಯವರೆಗೂ ಹೋಗಿತ್ತು. “ಶ್ವಾಸಕೋಶ ಕುತ್ತಿಗೆ ತನಕ ಇರುತ್ತೇನಯ್ಯ? ಜಡೆ ಇದು” ಅಂದರು. ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿಸಿ ಮತ್ತೆ ತೆಗೆದೆವು. ನೆರಳು ಮಾಯ.

ಅವತ್ತಿನಿಂದ ಮೊದಲು ಜಡೆ ನೋಡುತ್ತೇನೆ, ಆಮೇಲೆ ಮಿಷನ್. ಜಡೆಯ ಹಿಂದೆಯೇ ತಾಯಿತ, ಪಿನ್ನು, ಒಳ ಉಡುಪಿನ ಹುಕ್ಕು, ಜೇಬಿನಲ್ಲಿರುವ ಚಿಲ್ಲರೆ. ಹೊಟ್ಟೆಯ ಎಕ್ಸ್-ರೇ ಆದರೆ ಬೆಳ್ಳಿ ಉಡಿದಾರ. ತಾಳಿ ತೆಗೆಯಲು ಒಪ್ಪದ ಅಮ್ಮಂದಿರ ಜೊತೆ ವಾದಕ್ಕೆ ಇಳಿಯುವುದಿಲ್ಲ. “ತೆಗೀಬೇಡಿ ಅಮ್ಮಾ, ಸರಾನ ಬಾಯಲ್ಲಿ ಕಚ್ಕೊಳ್ಳಿ” ಅನ್ನುತ್ತೇನೆ. ಗದ್ದ ಎತ್ತಿ ನಿಂತಾಗ ಸರ ಎದೆಯಿಂದ ಮೇಲಕ್ಕೆ ಬರುತ್ತದೆ. ಅಷ್ಟು ಸಾಕು.

ನಿಲ್ಲಿಸುವುದು ಕೆಲಸದ ಅರ್ಧ. ಎದೆ ಫಿಲ್ಮ್ ಇರುವ ಪೆಟ್ಟಿಗೆಗೆ, ಅಂದರೆ ಕ್ಯಾಸೆಟ್ಟಿಗೆ, ಒತ್ತಿರಬೇಕು, ಕಿರಣ ಬೆನ್ನಿನಿಂದ ಬರಬೇಕು, ಕಿರಣ ಬಿಡುವ ಟ್ಯೂಬು ಆರು ಅಡಿ, ಅಂದರೆ 180 ಸೆಂ.ಮೀ. ದೂರದಲ್ಲಿರಬೇಕು. ಕೈ ಸೊಂಟದ ಮೇಲಿಟ್ಟು ಮೊಣಕೈ ಎರಡನ್ನೂ ಮುಂದಕ್ಕೆ ತಳ್ಳಿಸಿದರೆ ಹೆಗಲ ರೆಕ್ಕೆ ಮೂಳೆಗಳು ಶ್ವಾಸಕೋಶದ ಮೇಲಿಂದ ಆಚೆ ಸರಿಯುತ್ತವೆ. ಹೇಳಿದರೆ ಯಾರಿಗೂ ಇದು ತಿಳಿಯುವುದಿಲ್ಲ, ನಾನೇ ಗೋಡೆಗೆ ಎದೆಕೊಟ್ಟು ನಿಂತು ತೋರಿಸುತ್ತೇನೆ. ದೇಹ ಸ್ವಲ್ಪ ವಾಲಿದರೂ ಫಿಲ್ಮ್ ಚಾಡಿ ಹೇಳುತ್ತದೆ: ಕಾಲರ್ ಮೂಳೆಗಳ ಒಳತುದಿಗಳು ನಡುವಿನ ಬೆನ್ನುಮೂಳೆಯ ಮುಳ್ಳಿನಿಂದ ಎರಡೂ ಕಡೆ ಒಂದೇ ದೂರದಲ್ಲಿ ಇರುವುದಿಲ್ಲ. ಆಗ ಒಂದು ಶ್ವಾಸಕೋಶ ಸುಮ್ಮನೆ ಹೆಚ್ಚು ಕಪ್ಪಾಗಿ ಕಾಣುತ್ತದೆ, ಡಾಕ್ಟರು ಇಲ್ಲದ ರೋಗ ಹುಡುಕುತ್ತಾರೆ.

ಇನ್ನು ಉಸಿರು. ನನ್ನ ಕೈಯಲ್ಲಿ ಹಾಳಾದ ಎದೆ ಫಿಲ್ಮುಗಳಲ್ಲಿ ಬಹುಪಾಲು ಕೆಟ್ಟಿದ್ದು ಇಲ್ಲಿಯೇ. “ಉಸಿರು ಎಳ್ಕೊಳ್ಳಿ” ಅಂದರೆ ನಮ್ಮ ಕಡೆ ಜನ ಭುಜ ಮೇಲೆತ್ತುತ್ತಾರೆ, ಹೊಟ್ಟೆ ಒಳಕ್ಕೆ ಎಳೆಯುತ್ತಾರೆ, ಗಾಳಿ ಮಾತ್ರ ಒಳಗೆ ಹೋಗಿರುವುದಿಲ್ಲ. ಕೆಲವರು “ಹಿಡ್ಕೊಳ್ಳಿ” ಅಂದ ಕೂಡಲೇ ಉಸ್ಸೆಂದು ಬಿಟ್ಟು, ಆಮೇಲೆ ಹಿಡಿಯುತ್ತಾರೆ. ಹಾಗಾಗಿ ಒಂದು ಸಲ ಸುಮ್ಮನೆ ಅಭ್ಯಾಸ ಮಾಡಿಸುತ್ತೇನೆ, ಬೆನ್ನ ಮೇಲೆ ಅಂಗೈ ಇಟ್ಟು ಪಕ್ಕೆಲುಬು ಅಗಲವಾಗುತ್ತದೋ ಇಲ್ಲವೋ ನೋಡುತ್ತೇನೆ. ಹೆಂಗಸರಾದರೆ ಜೊತೆಗೆ ಬಂದವರ ಕೈಯಲ್ಲಿ ಇಡಿಸುತ್ತೇನೆ, ಬಟನ್ ಒತ್ತುವ ಮೊದಲು ಅವರನ್ನು ಹೊರಗೆ ಕಳಿಸುತ್ತೇನೆ. “ಕೆರೆಯಲ್ಲಿ ಮುಳುಗೋ ಮುಂಚೆ ಎಳ್ಕೊತೀರಲ್ಲ, ಹಾಗೆ” ಅಂದರೆ ಹಳ್ಳಿಯವರಿಗೆ ಥಟ್ಟನೆ ಗೊತ್ತಾಗುತ್ತದೆ. ಒಳ್ಳೆಯ ಉಸಿರಿನ ಫಿಲ್ಮಿನಲ್ಲಿ ವಪೆಯ ಮೇಲೆ ಮುಂಭಾಗದ ಆರು, ಹಿಂಭಾಗದ ಒಂಬತ್ತು ಹತ್ತು ಪಕ್ಕೆಲುಬು ಎಣಿಸಬಹುದು. ಅರ್ಧ ಉಸಿರಿನಲ್ಲಿ ತೆಗೆದರೆ ಹೃದಯ ದಪ್ಪಗೆ, ಶ್ವಾಸಕೋಶದ ಬುಡ ಮಬ್ಬಾಗಿ ಕಂಡು ನ್ಯುಮೋನಿಯಾದ ಹಾಗಿರುತ್ತದೆ.

ಕೆ.ವಿ., ಎಂ.ಎ.ಎಸ್. ಬಗ್ಗೆ ಕೇಳುವ ಹುಡುಗರಿಗೆ ನಾನು ಹೇಳುವುದು ಇಷ್ಟೇ. ಕೆ.ವಿ. ಕಿರಣದ ಜೋರು, ಎಂ.ಎ.ಎಸ್. ಕಿರಣದ ಮೊತ್ತ. ಜೋರು ಸಾಲದಿದ್ದರೆ ಮೊತ್ತ ಎಷ್ಟು ಸುರಿದರೂ ದಪ್ಪ ಮನುಷ್ಯನ ಬೆನ್ನುಮೂಳೆ ದಾಟಿ ಬರುವುದಿಲ್ಲ. ಕೆ.ವಿ.ಯನ್ನು ಶೇಕಡಾ 15 ಏರಿಸಿದರೆ ಎಂ.ಎ.ಎಸ್. ದುಪ್ಪಟ್ಟು ಮಾಡಿದಷ್ಟು ಫಿಲ್ಮ್ ಕಪ್ಪಾಗುತ್ತದೆ. ಆದರೆ ಜೋರು ಹೆಚ್ಚಾದಷ್ಟೂ ಕಪ್ಪು ಬಿಳುಪಿನ ವ್ಯತ್ಯಾಸ ಕರಗುತ್ತದೆ. ನಮ್ಮ ಹಳೇ ಮಿಷನ್ನಿನಲ್ಲಿ ಚದುರಿದ ಕಿರಣ ತಡೆಯುವ ಗ್ರಿಡ್ ಇಲ್ಲದೆ ಸಾಧಾರಣ ಮೈಕಟ್ಟಿನವರ ಎದೆಗೆ 65 ಕೆ.ವಿ. ಆಸುಪಾಸು ಇಡುತ್ತಿದ್ದೆ. ಹೃದಯದ ಹಿಂದೆ ಬೆನ್ನುಮೂಳೆಯ ಮಣಿಗಳು ಮಸುಕಾಗಿ ಕಂಡರೆ ಸರಿ ಬಿತ್ತು ಅಂತ ಲೆಕ್ಕ.

ಚಾರ್ಟ್ ನೋಡಿ ಇಟ್ಟರೂ ಒಂದೊಂದು ದಿನ ಫಿಲ್ಮುಗಳೆಲ್ಲ ಸಪ್ಪಗೆ ಬರುತ್ತಿದ್ದವು. ಕಾರಣ ಹೊಳೆಯಲು ತಿಂಗಳುಗಳೇ ಬೇಕಾದವು: ಸುತ್ತಲ ತೋಟಗಳಿಗೆ ತ್ರೀ ಫೇಸ್ ಕೊಟ್ಟು ಪಂಪ್‌ಸೆಟ್‌ಗಳು ಶುರುವಾದ ಹೊತ್ತಿಗೆ ನಮ್ಮ ವೋಲ್ಟೇಜ್ ಬೀಳುತ್ತಿತ್ತು. ಮಿಷನ್ನಿನ ಪ್ಯಾನೆಲ್ಲಿನಲ್ಲಿ ಲೈನ್ ಸರಿಮಾಡುವ ಗುಂಡಿ ಇತ್ತು, ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ಪ್ರತಿ ಪೇಷೆಂಟಿಗೂ ಮೀಟರಿನ ಮುಳ್ಳು ಗುರುತಿನ ಮೇಲಿದೆಯೇ ನೋಡಿಯೇ ಬಟನ್ ಒತ್ತುವುದು ಅಭ್ಯಾಸವಾಯಿತು. ಡಾರ್ಕ್‌ರೂಮಿನ ಕಥೆಯೂ ಹೀಗೆಯೇ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ ಡೆವಲಪರ್ 20 ಡಿಗ್ರಿಯಲ್ಲಿ ಐದು ನಿಮಿಷ ಅಂತ ಪುಸ್ತಕ ಹೇಳುತ್ತದೆ, ಏಪ್ರಿಲ್ಲಿನಲ್ಲಿ ನಮ್ಮ ಟ್ಯಾಂಕು ತಾನಾಗಿಯೇ 32 ಮುಟ್ಟುತ್ತಿತ್ತು. ಐಸ್ ಕ್ಯಾಂಡಿ ಅಂಗಡಿಯಿಂದ ಗಡ್ಡೆ ತಂದು ಹೊರಗಿನ ನೀರಿನ ತೊಟ್ಟಿಗೆ ಹಾಕುತ್ತಿದ್ದೆವು. ಆಮೇಲೆ ಚಿತ್ರ ನಿಲ್ಲಿಸಲು ಫಿಲ್ಮ್ ಅದ್ದುವ ಫಿಕ್ಸರ್ ದ್ರಾವಣ ಸವೆದರೆ ಅದನ್ನು ಮಾತ್ರ ಯಾರೂ ಚೆಲ್ಲುತ್ತಿರಲಿಲ್ಲ. ಅದರಲ್ಲಿ ಬೆಳ್ಳಿ ಇದೆಯೆಂದು ಕ್ಯಾನ್ ಹಿಡಿದು ಕೊಳ್ಳುವವರು ಬರುತ್ತಿದ್ದರು.

ಒಂದು ತಪ್ಪು ಈಗಲೂ ಚುಚ್ಚುತ್ತದೆ. ನಿಲ್ಲಲಾಗದ ಒಬ್ಬ ಅಜ್ಜನಿಗೆ ಸ್ಟ್ರೆಚರಿನ ಮೇಲೆಯೇ, ಬೆನ್ನಡಿ ಕ್ಯಾಸೆಟ್ ಇಟ್ಟು, 100 ಸೆಂ.ಮೀ.ನಿಂದ ತೆಗೆದೆ. ಅದಕ್ಕೆ ಎಂ.ಎ.ಎಸ್. ಇಳಿಸಿದ್ದೆ, ಅಷ್ಟು ನೆನಪಿತ್ತು. ದೂರ ಅರ್ಧವಾದರೆ ಕಿರಣ ನಾಲ್ಕು ಪಟ್ಟು ಬೀಳುತ್ತದೆ. ಫಿಲ್ಮಿನ ಮೇಲೆ ‘ಎ.ಪಿ., ಮಲಗಿಸಿ’ ಅಂತ, ಅಂದರೆ ಕಿರಣ ಮುಂದಿನಿಂದ ಬಂದದ್ದೆಂದು, ಬರೆಯುವುದನ್ನು ಮರೆತೆ. ಹೃದಯ ಎದೆಯ ಮುಂಭಾಗದಲ್ಲಿರುವುದು. ಕಿರಣ ಮುಂದಿನಿಂದ, ಅದೂ ಹತ್ತಿರದಿಂದ ಬಂದರೆ, ದೀಪದ ಹತ್ತಿರ ಹಿಡಿದ ಕೈಯ ನೆರಳು ಗೋಡೆಯ ಮೇಲೆ ದೊಡ್ಡದಾಗುವಂತೆ ಅದೂ ದೊಡ್ಡದಾಗುತ್ತದೆ. ಹೃದಯ ಹಿಗ್ಗಿದೆ ಎಂದು ಅವರನ್ನು ಬೆಂಗಳೂರಿಗೆ ಕಳಿಸಿದರು. ಮಗ ಬಾಡಿಗೆ ಕಾರಿಗೆ ಸಾಲ ಮಾಡಿದ್ದ. ಎಕೋದಲ್ಲಿ ಹೃದಯ ಸರಿಯಾಗಿಯೇ ಇತ್ತು. ಎರಡು ಅಕ್ಷರ ಬರೆಯದ್ದಕ್ಕೆ ಆದದ್ದು ಇದು.

ಈಗ ನಮ್ಮಲ್ಲೂ ಸಿ.ಆರ್., ಅಂದರೆ ಫಿಲ್ಮಿಲ್ಲದೆ ಚಿತ್ರ ಕಂಪ್ಯೂಟರಿಗೆ ಬರುವ ವ್ಯವಸ್ಥೆ, ಬಂದಿದೆ. ಡಾರ್ಕ್‌ರೂಮಿನಲ್ಲಿ ಗ್ಲೂಕೋಸ್ ಬಾಟಲಿ ಪೆಟ್ಟಿಗೆ ಜೋಡಿಸಿದ್ದಾರೆ. ಹೊಸ ಹುಡುಗರು “ಕಂಪ್ಯೂಟರ್ ಎಲ್ಲಾ ಸರಿಮಾಡುತ್ತೆ ಸಾರ್” ಅನ್ನುತ್ತಾರೆ. ಸರಿಮಾಡುತ್ತದೆ ನಿಜ, ಅಪಾಯವೂ ಅದರಲ್ಲೇ ಇದೆ. ಕಡಿಮೆ ಕಿರಣ ಕೊಟ್ಟರೆ ಚಿತ್ರ ರವೆರವೆಯಾಗಿ ಬರುತ್ತದೆ, ಡಾಕ್ಟರು ಬಯ್ಯುತ್ತಾರೆ. ಹೆಚ್ಚು ಕೊಟ್ಟರೆ ನುಣ್ಣಗೆ ಬರುತ್ತದೆ, ಯಾರೂ ಬಯ್ಯುವುದಿಲ್ಲ. ಹಾಗಾಗಿ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ಫಿಲ್ಮ್ ಕಾಲದಲ್ಲಿ ಹೆಚ್ಚು ಕೊಟ್ಟವನ ಕಳ್ಳತನ ಕಪ್ಪಾಗಿ ಎದುರಿಗೇ ನೇತಾಡುತ್ತಿತ್ತು. ಈಗ ಪರದೆಯ ಮೂಲೆಯ ಎಕ್ಸ್‌ಪೋಷರ್ ಸಂಖ್ಯೆ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅದೂ ಕಂಪನಿಗೊಂದು ಥರ: ಫ್ಯೂಜಿಯ ಎಸ್ ಸಂಖ್ಯೆ ಡೋಸ್ ಹೆಚ್ಚಾದಷ್ಟೂ ಇಳಿಯುತ್ತದೆ, ಕೋಡಕ್‌ನ ಇ.ಐ. ಏರುತ್ತದೆ. ಇನ್ನೊಂದು ರೂಢಿ ನನಗೆ ಸಿಟ್ಟು ತರಿಸುತ್ತದೆ: ಕಿರಣ ಬೀಳುವ ಜಾಗ ತೋರಿಸುವ ಲೈಟನ್ನು ಪೂರ್ತಿ ಅಗಲ ಬಿಟ್ಟು ತೆಗೆದು, ಆಮೇಲೆ ಪರದೆಯ ಮೇಲೆ ಕ್ರಾಪ್ ಮಾಡುವುದು. ಮಣಿಕಟ್ಟು ಕೇಳಿದರೆ ಮೊಣಕೈವರೆಗೆ ಬೆಳಕು! ಬಿದ್ದ ಕಿರಣ ಕ್ರಾಪ್ ಆಗುವುದಿಲ್ಲ, ಚದುರಿದ ಕಿರಣ ಚಿತ್ರವನ್ನು ಮಬ್ಬು ಮಾಡಿಯೂ ಆಗಿರುತ್ತದೆ.

ಹಸುಗೂಸುಗಳಿಗೆ ಇದ್ಯಾವ ಉಪದೇಶವೂ ನಡೆಯುವುದಿಲ್ಲ. ಹೋದ ವಾರ ಎಂಟು ತಿಂಗಳ ಮಗು ಬಂತು. ಅಜ್ಜನಿಗೆ ಲೆಡ್ ಏಪ್ರನ್ ತೊಡಿಸಿ ಕೈ ಹಿಡಿದುಕೊಳ್ಳಲು ಹೇಳಿದೆ. ಮಗು ಕಿರುಚುತ್ತಿತ್ತು, ತಾಯಿ ಬಾಗಿಲಾಚೆಯಿಂದ “ಸಮಾಧಾನ ಮಾಡಿ ತೆಗೀರಿ ಅಣ್ಣಾ” ಅಂತ ಕೂಗುತ್ತಿದ್ದಳು. ನಾನು ಸಮಾಧಾನ ಮಾಡಲಿಲ್ಲ. ಬಟನ್ನಿಗೆ ಎರಡು ಹಂತ. ಮೊದಲ ಹಂತ ಒತ್ತಿ ಟ್ಯೂಬಿನೊಳಗಿನ ತಟ್ಟೆ, ಆನೋಡ್, ತಿರುಗುವ ಗುಂಯ್ ಶಬ್ದ ಕೇಳುತ್ತಾ ನಿಂತೆ. ಅಳು ಉದ್ದಕ್ಕೆ ಹೋಗಿ, ಮುಖ ಕೆಂಪಾಗಿ, ದನಿ ಕಟ್ಟಿತು. ಮುಂದಿನ ಅಳುವಿಗಾಗಿ ಮಗು ಎದೆ ತುಂಬ ಗಾಳಿ ಎಳೆದುಕೊಂಡಿತು. ಒತ್ತಿದೆ. ಹೊರಗೆ ಬಂದಾಗ ತಾಯಿ ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದಳು. ಪರದೆಯ ಮೇಲೆ ಪಕ್ಕೆಲುಬು ಎಣಿಸಿದೆ, ಮುಂದಿನವು ಆರೂ ಇದ್ದವು.