ಕ್ರೇಟರ್ ಲೇಕ್ ಕೊನೇ ದಿನಕ್ಕೇ ಇರಲಿ, ಸುತ್ತು ಮಾತ್ರ ಉಲ್ಟಾ ಹಾಕಿ

ಕ್ಯಾಲಿಫೋರ್ನಿಯಾದ ಲಾಸೆನ್, ಲಾವಾ ಬೆಡ್ಸ್ ಪಾರ್ಕ್‌ಗಳನ್ನು ಮುಗಿಸಿಕೊಂಡು ಆರೆಗಾನ್‌ನ ಜ್ವಾಲಾಮುಖಿ ಸರೋವರ ಕ್ರೇಟರ್ ಲೇಕನ್ನು ಕೊನೇ ದಿನಕ್ಕೆ ಇಟ್ಟರೆ ಅದೇ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ ಮುಟ್ಟೋದು ಆಗದ ಮಾತು ಅಂತ ಎಲ್ಲರೂ ತಲೆ ಆಡಿಸಿದ್ದರು. ಆಗುತ್ತೆ. ಸರೋವರದ ಅಂಚು ಸುತ್ತುವ 33 ಮೈಲಿ ರಸ್ತೆ ರಿಮ್ ಡ್ರೈವ್ ಪೂರ್ತಿ ಸುತ್ತಿ, ವಾಚ್‌ಮನ್ ಗುಡ್ಡ ಹತ್ತಿ ಇಳಿದು, ರಾತ್ರಿ ಒಂಬತ್ತರ ಆಸುಪಾಸಿಗೆ ಮನೆ. ಆಗಲ್ಲ ಅಂದವರೇ ಈಗ ಟೈಮಿಂಗ್ ಕೇಳ್ತಿದ್ದಾರೆ.

ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಸುತ್ತಿ ಅನ್ನೋದು ಎಲ್ಲರ ಸಲಹೆ. ಸರೋವರ ಬಲಗಡೆ ಬರುತ್ತೆ, ಪುಲ್‌ಔಟ್‌ಗೆ (ರಸ್ತೆ ಬದಿ ಕಾರು ನಿಲ್ಲಿಸೋ ಜಾಗ) ರಸ್ತೆ ದಾಟಬೇಕಿಲ್ಲ. ಪಾರ್ಕಿಂಗಿಗೆ ಅನುಕೂಲ, ಬೆಳಕಿಗೆ ದಂಡ. ಬೆಳಿಗ್ಗೆ ಪಶ್ಚಿಮದ ಅಂಚಿನಲ್ಲಿ ನಿಂತರೆ ಬಿಸಿಲು ಕಣ್ಣಿಗೇ ಹೊಡೆಯುತ್ತೆ. ನೀರು ನೀಲಿ ಕಾಣೋದಿಲ್ಲ, ತಗಡಿನ ಹಾಗೆ ಬೆಳ್ಳಗೆ ಹೊಳೆಯುತ್ತೆ. ಅದಕ್ಕೇ ಪಾರ್ಕ್ ಹೆಡ್‌ಕ್ವಾರ್ಟರ್ಸ್ ಹತ್ತಿರ ಬಲಕ್ಕೆ ತಿರುಗಿ ಮೊದಲು ಈಸ್ಟ್ ರಿಮ್ ಹಿಡಿದೆ. ಆ ಹೊತ್ತಿಗೆ ಎದುರು ವಾಹನಗಳೇ ಕಮ್ಮಿ, ಎಡಕ್ಕೆ ದಾಟೋದು ಕಷ್ಟವಲ್ಲ.

ಕ್ಲಾಮತ್ ಫಾಲ್ಸ್‌ನಿಂದ ಆರಕ್ಕೆ ಹೊರಟರೆ ಏಳೂವರೆಗೆ ಕೆರ್ ನಾಚ್ ವ್ಯೂಪಾಯಿಂಟ್. ಇನ್ನೂ ಬೇಗ ಹೋದರೆ ಲಾಭವಿಲ್ಲ, ಅಲ್ಲಿಂದ ಕಾಣೋ ಪುಟ್ಟ ಬಂಡೆ ದ್ವೀಪ ಫ್ಯಾಂಟಮ್ ಶಿಪ್ ಸರೋವರದ ಗೋಡೆಯ ನೆರಳಲ್ಲೇ ಇರುತ್ತೆ. ಎಂಟೂಕಾಲಕ್ಕೆ ಮುಂದಿನ ವ್ಯೂಪಾಯಿಂಟ್ ಕ್ಲೌಡ್‌ಕ್ಯಾಪ್. ನೀರಿನ ತನಕ ಇಳಿಯುವ ಕ್ಲೀಟ್‌ವುಡ್ ಕಾಲುದಾರಿ 2026ರಿಂದ ದುರಸ್ತಿಗೆ ಮುಚ್ಚಿದೆ. ನೀರು ಮುಟ್ಟೋ ಆಸೆ ಬಿಟ್ಟರೆ ಎರಡು ಗಂಟೆ ಉಳಿತಾಯ. ಕ್ಲೌಡ್‌ಕ್ಯಾಪ್‌ಗೂ ಕ್ಲೀಟ್‌ವುಡ್‌ಗೂ ನಡುವೆ ಬೋರ್ಡಿಲ್ಲದ ಒಂದು ಪುಲ್‌ಔಟ್ ಇದೆ. ಎಲ್ಲಿ ಅಂತ ಹೇಳಲ್ಲ, ಹುಡುಕಿಕೊಳ್ಳಿ. ಹತ್ತಕ್ಕೆ ವಾಚ್‌ಮನ್: 0.8 ಮೈಲಿಗೆ 420 ಅಡಿ ಏರು, ಸರೋವರದ ದೊಡ್ಡ ದ್ವೀಪ ವಿಜರ್ಡ್ ಐಲೆಂಡ್ ಕಾಲಡಿಗೇ ಬರುತ್ತೆ. ರಿಮ್ ವಿಲೇಜ್ ಇರೋದು ದಕ್ಷಿಣದಲ್ಲಿ, ಹನ್ನೆರಡಕ್ಕೆ ಅಲ್ಲಿರಬೇಕು. ಆಗ ಬಿಸಿಲು ಬೆನ್ನಿಗೆ, ನೀಲಿ ಅಂದರೆ ಆಗಿನ ನೀಲಿ.

ಹಾಳಾದ ಪ್ಲಾನ್‌ಗಳೇನು ಕಮ್ಮಿ ಇಲ್ಲ. ಜೂನ್‌ನಲ್ಲಿ ಈಸ್ಟ್ ರಿಮ್ ಹಿಮ ತೆಗೆದು ಮುಗಿದಿರಲಿಲ್ಲ, ಜೊತೆಗೆ ವಿಪರೀತ ಸೊಳ್ಳೆ. ಸೆಪ್ಟೆಂಬರ್‌ನಲ್ಲಿ ಕಾಡ್ಗಿಚ್ಚಿನ ಹೊಗೆ, ಆಚೆ ದಡವೇ ಕಾಣಲಿಲ್ಲ. ರಿಮ್ ಮೇಲಿನ ಲಾಡ್ಜ್ ಅಂದರೆ ಎರಡೂವರೆ ಪಟ್ಟು ಬಾಡಿಗೆ, ಮಂಜು ಕವಿದರೆ ಅಷ್ಟೂ ನೀರುಪಾಲು. ಕ್ಲಾಮತ್ ಫಾಲ್ಸ್ ಮೋಟೆಲ್ ಸುಮಾರು 110 ಡಾಲರ್‌ಗೆ ಸಿಕ್ಕಿತ್ತು. ಎರಡು ರಾತ್ರಿ ಅಲ್ಲೇ ಹಾಕಿ: ಪಾರ್ಕಿನ ವೆಬ್‌ಕ್ಯಾಮ್‌ನಲ್ಲಿ ದ್ವೀಪ ಕಂಡರೆ ಹೊರಡಿ, ಹಿಂದಿನ ದಿನವೇ ಚೆನ್ನಾಗಿದ್ದರೆ ಲಾವಾ ಬೆಡ್ಸ್ ಜೊತೆ ಅದಲುಬದಲು ಮಾಡಿ. ಕ್ರೇಟರ್ ಲೇಕ್ ಟಿಕೆಟ್ ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತೆ. ಲಾಸೆನ್ 30, ಲಾವಾ ಬೆಡ್ಸ್ 25 ಸೇರಿಸಿದರೆ 85. ಮೂರಕ್ಕೂ ನಡೆಯುವ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80. ಲೆಕ್ಕ ನೀವೇ ಹಾಕಿಕೊಳ್ಳಿ.

ಹೊಳಪು ತಗ್ಗಿಸುವ ಕ್ಯಾಮೆರಾ ಫಿಲ್ಟರ್, ಪೋಲರೈಸರ್ ಪ್ರಯೋಗವೂ ಆಯ್ತು. ವೈಡ್ ಲೆನ್ಸಿಗೆ ಹಾಕಿ ಪೂರ್ತಿ ತಿರುಗಿಸಿದರೆ ಆಕಾಶದ ನಡುವೆ ಕಪ್ಪು ಪಟ್ಟೆ ಬೀಳುತ್ತೆ, ಅರ್ಧ ತಿರುಗಿಸಿದರೆ ಸಾಕು. ದೂರದ ನೀರಿಗೆ ಅಂಥಾ ಉಪಯೋಗವಿಲ್ಲ. ದ್ವೀಪದ ಅಂಚಿನ ಹಸಿರು ನೀರಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಫಿಲ್ಟರ್ ಇಲ್ಲದಿದ್ದರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನೇ ಫೋನಿನ ಕ್ಯಾಮೆರಾ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ.

ಮುಂಜಾನೆ 5 ಡಿಗ್ರಿ ಚಳಿಗೆ ಟೈರ್ ಪ್ರೆಷರ್ ಲೈಟ್ ಹತ್ತಿಕೊಳ್ಳಬಹುದು. ಸುಮಾರು 5-6 ಡಿಗ್ರಿಗೆ ಒಂದು ಪಿಎಸ್‌ಐ ಇಳಿಯುತ್ತೆ. ಪಂಕ್ಚರ್ ಇಲ್ಲ ಅಂತ ಖಾತ್ರಿಯಾದರೆ ಕಾರಿನ ಸ್ಟಿಕರ್‌ನಲ್ಲಿರೋ ಪ್ರೆಷರ್‌ವರೆಗೆ ಮಾತ್ರ ಗಾಳಿ ತುಂಬಿಸಿ, ಅದಕ್ಕಿಂತ ಹೆಚ್ಚು ಬೇಡ. ಮಧ್ಯಾಹ್ನ ರೆಡ್ಡಿಂಗ್‌ನ 40 ಡಿಗ್ರಿಯಲ್ಲಿ ತಾನಾಗೇ ಏರುತ್ತೆ. ಪೆಟ್ರೋಲ್ ಕ್ಲಾಮತ್ ಫಾಲ್ಸ್‌ನಲ್ಲೇ ಫುಲ್ ಮಾಡಿಸಿ, ಕ್ಯಾಲಿಫೋರ್ನಿಯಾಗಿಂತ ಅಗ್ಗ. ಅಲ್ಲಿಂದ ಹೈವೇ 97ರಲ್ಲಿ ವೀಡ್ ಊರು, ಆಮೇಲೆ ಐ-5.